ಹಚ್ಚದ ಊದಿನಕಡ್ಡಿ

ಸತ್ಯವು ಗಾಳಿಯಂತೆ, ಅದನ್ನು ಯಾರೂ ಬಚ್ಚಿಡಲಾರರು ಎಂದು ಬಲ್ಲವರು ಹೇಳುತ್ತಾರೆ. ನಾನು ಬಚ್ಚಿಟ್ಟೆ. ಅದಕ್ಕೆ ಬೇಕಾದದ್ದು ಒಂದು ಊದಿನಕಡ್ಡಿ—ಅದೂ ಹಚ್ಚದೇ ಇದ್ದದ್ದು.

ಬೈಲಹೊಂಗಲದಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ, ಒಂದು ಸ್ವಯಂಸೇವಾ ಸಂಸ್ಥೆಯ ಪರವಾಗಿ ಗಾಳಿಯನ್ನು ಅಳೆಯುವ ಘನಕಾರ್ಯ ನನ್ನ ಪಾಲಿಗೆ ಬಂತು. ಯರಗಟ್ಟಿಯ ಹೊರಗೆ, ಬಣ್ಣ ತೆಳುಮಾಡುವ ಥಿನ್ನರಿನ ಹಳೆಯ ಡ್ರಮ್ಮುಗಳನ್ನು ತೊಳೆದು ಮಾರುವ ಶೆಡ್ ಒಂದಿತ್ತು. ಅದರಿಂದ ಎಷ್ಟು ಆವಿ ಹೊರಬೀಳುತ್ತದೆಂದು ತಿಳಿಯಲು ಸುತ್ತಲಿನ ಮನೆಗಳಲ್ಲಿ ಸೆನ್ಸರ್ ಡಬ್ಬಿ ಕೂಡಿಸಿದೆವು. ಒಂದು, ಗಂಗವ್ವನ ಕಟ್ಟೆಯ ಕಂಬಕ್ಕೆ. ಅವಳ ಗಂಡ ಈರಪ್ಪ ಅದೇ ಶೆಡ್ಡಿನಲ್ಲಿ ಡ್ರಮ್ಮು ತೊಳೆಯುತ್ತಿದ್ದ.

ದಸರೆಯ ಖಂಡೆಪೂಜೆಯ ದಿನ ಆ ಡಬ್ಬಿಯ ಅಂಕಿ ಒಮ್ಮೆಲೇ ಏರಿತು. ಓಡಿಹೋಗಿ ನೋಡಿದರೆ ಡಬ್ಬಿಗೆ ವಿಭೂತಿ, ಚೆಂಡುಹೂವು. ಎದುರಿಗೆ ಕರ್ಪೂರ, ಊದಿನಕಡ್ಡಿ.

"ದುಡಿಯೂದಕ್ಕೆಲ್ಲಾ ಪೂಜಿ ಮಾಡತೀವ್ರಿ ಸರ. ನಿಮ್ಮ ಡಬ್ಬಿ ಏನ್ ಪಾಪ ಮಾಡೈತ್ರಿ?" ಎಂದಳು ಗಂಗವ್ವ.

ಯಂತ್ರಕ್ಕೆ ಮೂಗಿದೆ, ವಿವೇಕವಿಲ್ಲ. ಪೂಜೆಯ ಹೊಗೆಗೂ ಏರುತ್ತದೆ. ತಿಳಿಸಿ ಹೇಳಿದೆ, ಅವಳು ಅಂದಿಗೇ ನಿಲ್ಲಿಸಿದಳು. ನಾನು ನಿಲ್ಲಿಸಲಿಲ್ಲ—ಆವಿ ಎಂದು ಹೆದರಿದ್ದೆಲ್ಲ ಬರೀ ಊದಿನಕಡ್ಡಿಯ ಹೊಗೆ ಎಂದು, ಯಂತ್ರದೇವರ ಈ ಕಥೆಯನ್ನು ಹೋದಲ್ಲೆಲ್ಲ ಹೇಳಿದೆ. ಸವದತ್ತಿಯಲ್ಲಿ ನಕ್ಕರು, ರಾಮದುರ್ಗದ ಸಭೆಯಲ್ಲಿ ಚಪ್ಪಾಳೆ ತಟ್ಟಿದರು.

ಮುಂದೆ ಅಂಕಿ ಮತ್ತೆ ಏರಿತು. ಹೋಗಿ ನೋಡಿದೆ, ಡಬ್ಬಿಯ ಮುಂದೆ ಚಿಟಿಕೆ ಬೂದಿಯೂ ಇರಲಿಲ್ಲ. ಡ್ರೋನಿಗೆ ಇನ್ನೊಂದು ಸೆನ್ಸರ್ ಕಟ್ಟಿ ಹಾರಿಸಿದೆವು. ಶೆಡ್ಡಿನ ತಗಡು ದಾಟುವಷ್ಟರಲ್ಲಿ ಅಂಕಿ ಎಲ್ಲಿಗೋ ಏರಿಹೋಯಿತು. ಡ್ರೋನ್ ಹಾರಿಸುತ್ತಿದ್ದ ಶೈಲಾ ನನ್ನ ಕಡೆ ತಿರುಗಿದಳು: "ಸರ, ಆಕಾಶದಾಗ ಯಾರ್ರಿ ಊದಿನಕಡ್ಡಿ ಹಚ್ಚಿದವರು?"

ನಾನು ನಗಲಿಲ್ಲ. ಇನ್ನು ನಗುವ ಸರದಿ ಊರಿನದು, ನನ್ನನ್ನು ನೋಡಿ. ಅಷ್ಟು ಚೆನ್ನಾಗಿ ಓಡುತ್ತಿದ್ದ ಕಥೆ, ಅದನ್ನು ನಾನೇ ಹೇಗೆ ಸುಳ್ಳು ಮಾಡಲಿ? ಶೆಡ್ಡಿನವರು ನನಗೆ ಏನೂ ಕೊಡಲಿಲ್ಲ, ಹೆದರಿಸಲೂ ಇಲ್ಲ. ಹಾಗಾಗಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಡ್ರೋನಿನ ಸೆನ್ಸರ್ ಕೆಟ್ಟಿದೆ ಎಂದು ಶೈಲಾಳನ್ನು ಸುಮ್ಮನಾಗಿಸಿದೆ. ಡಬ್ಬಿಯ ಅಂಕಿಯನ್ನು ಪೂಜೆಯ ಹೊಗೆ ಎಂದು ವರದಿಯಿಂದ ತೆಗೆದುಹಾಕಿಸಿದೆ.

ಅಂದು ಸಂಜೆ ಈರಪ್ಪ ಕಟ್ಟೆಯ ಮೇಲೆ ಕುಳಿತಿದ್ದ. "ತಲಿ ತಿರಗತೈತ್ರಿ ಸರ, ವಸಡಿನಾಗ ರಕ್ತ ಬರಾಕತ್ತೈತಿ. ಶೆಡ್ಡಿಗೆ ಹೋಗ್ಲ್ಯೋ ಬ್ಯಾಡೋ? ನೀವು ಅಂದಂಗ."

"ಹೋಗಪಾ. ಮನ್ಯಾಗ ಊದಿನಕಡ್ಡಿ ಹಚ್ಚೂದು ಬಿಡ್ಸು, ಸಾಕು" ಎಂದೆ.

"ಹಚ್ಚಿಲ್ರಿ ಸರ," ಎಂದಳು ಬಾಗಿಲಲ್ಲಿದ್ದ ಗಂಗವ್ವ.

ಈರಪ್ಪ ಅವಳನ್ನೇ ಗದರಿದ: "ಸುಮ್ನಿರ. ಸರ ಸುಳ್ಳ ಹೇಳ್ತಾರೇನ?"

ಆಗಲೂ ಬಾಯಿ ಬಿಡಬಹುದಿತ್ತು—ಬಿಡಲಿಲ್ಲ. ಚಹಾ ಕುಡಿದು ಬಂದೆ.

ಈರಪ್ಪ ಮತ್ತೆರಡು ವರ್ಷ ಡ್ರಮ್ಮು ತೊಳೆದ. ಆಮೇಲೆ ಅವನ ಎಲುಬಿನ ಮಜ್ಜೆ ರಕ್ತ ಹುಟ್ಟಿಸುವುದನ್ನೇ ಬಿಟ್ಟಿತು. ಅಂಥ ಆವಿ ಮಜ್ಜೆಯನ್ನು ಕೊಲ್ಲಬಲ್ಲದು ಎಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ಅದನ್ನು ಕಲಿಸಿಯೇ ಸಂಬಳ ತಿಂದವನು ನಾನು.

ಈ ವರ್ಷ ಗಂಗವ್ವನ ಎದುರು ಕುಳಿತು ಇದಿಷ್ಟನ್ನೂ ಹೇಳಿದೆ. ಅವಳು ಅಳಲಿಲ್ಲ, ಬಯ್ಯಲಿಲ್ಲ. "ಹಚ್ಚಿಲ್ಲಂತ ನನಗ ಗೊತ್ತಿತ್ರಿ ಸರ. ಅವರು ನಿಮ್ಮನ್ನ ನಂಬಿದ್ರು," ಎಂದಳು.

ಅಲ್ಲಿಂದ ನೇರ ಅಧಿಕಾರಿಗಳ ಬಳಿ ಹೋಗಿ, ಬಚ್ಚಿಟ್ಟಿದ್ದ ಡ್ರೋನಿನ ಅಂಕಿಯನ್ನು ಕೊಟ್ಟೆ. ಶೆಡ್ಡಿಗೆ ಬೀಗ ಬಿತ್ತು. ಈರಪ್ಪ ಕಳೆದ ಶ್ರಾವಣದಲ್ಲೇ ತೀರಿಕೊಂಡಿದ್ದ.