ಸಾಲ ಅಂದುಕೊಂಡ ಕಮಿಷನ್

ನಮ್ಮ ಚಿಕ್ಕಮ್ಮ ವಿಮೆ ಮಾರುವವಳು. ಬೀದಿಯಲ್ಲಿ ಅವಳ ಸ್ಕೂಟರ್ ಸದ್ದು ಕೇಳಿದರೆ ಗಟ್ಟಿಮುಟ್ಟಾದವರಿಗೂ ತಮ್ಮ ಆಯಸ್ಸಿನ ಬಗ್ಗೆ ಅನುಮಾನ ಬರುತ್ತಿತ್ತು. ಬಾಯಿ ಅಷ್ಟು ಜೋರು. ಆದರೆ ಒಂದು ಜೊತೆ ಚಪ್ಪಲಿ ಕೊಳ್ಳುವುದಕ್ಕೂ ಮೀನಮೇಷ ಎಣಿಸುವಳು. ಯಾಕೆ ಎಂದರೆ, "ಈ ದುಡ್ಡು ನಂದಲ್ಲ ಕಣೋ, ಕಂಪನಿ ಸಾಲ" ಎನ್ನುವಳು.

ಇದ್ಯಾವ ಸಾಲವೆಂದು ನಾನು ಕೆದಕಿ ಕೆದಕಿ ಕೇಳಿದ್ದೇನೆ. ಪಾಲಿಸಿ ಮಾಡಿಸಿದ ಕೂಡಲೇ ಕಂಪನಿ ಇಡೀ ವರ್ಷದ ಕಮಿಷನ್ ಮುಂಗಡವಾಗಿ ಕೊಡುತ್ತದೆ. ಗಿರಾಕಿ ನಡುವೆ ಕಂತು ನಿಲ್ಲಿಸಿದರೆ ಅವಳ ಮುಂದಿನ ಕಮಿಷನ್ನಿನಲ್ಲಿ ಮುರಿದುಕೊಳ್ಳುತ್ತದೆ. ಮುರಿದುಕೊಳ್ಳುವ ದುಡ್ಡು ಸಾಲವಲ್ಲದೆ ಇನ್ನೇನು ಎಂಬುದು ಅವಳ ವಾದ. ಹಾಗಾಗಿ ತೆರಿಗೆ ಲೆಕ್ಕದಲ್ಲಿ ಅದನ್ನು ಆದಾಯವೆಂದು ತೋರಿಸಿಯೇ ಇರಲಿಲ್ಲ. ಕೊನೆಗೆ ತೆರಿಗೆ ಕಚೇರಿಯಿಂದ ಕರೆ ಬಂತು. ಆದಾಯವೇ ಎಂದಾದರೆ ಹಳೇ ತೆರಿಗೆ, ದಂಡ ಎಲ್ಲ ಸೇರಿ ಸ್ಕೂಟರ್ ಮಾರಬೇಕು. ಸ್ಕೂಟರ್ ಹೋದರೆ ಕಸುಬಿಗೇ ಕುತ್ತು.

ಜೊತೆಗೆ ನಾನೂ ಹೋದೆ. ಅಧಿಕಾರಿ ಸಮಾಧಾನದ ಮನುಷ್ಯ. ಅವಳ ವಾದವನ್ನೆಲ್ಲ ಕೇಳಿಸಿಕೊಂಡು, "ಗಿರಾಕಿ ಕೈಕೊಟ್ಟಾಗ ನಿಮ್ಮ ಕೈಯಿಂದ ದುಡ್ಡು ಕೊಟ್ಟಿದ್ದುಂಟಾ?" ಎಂದರು.

"ಎಷ್ಟೋ ಸಲ ಸಾರ್. ಅವರ ಕಂತು ನಾನೇ ಕಟ್ಟಿದೀನಿ."

ನನಗೆ ಹೋದ ಜೀವ ಬಂದಂತಾಯಿತು. ಅಧಿಕಾರಿ ಪೆನ್ನು ಕೆಳಗಿಟ್ಟರು.

"ಕಟ್ಟಿದ್ರಾ, ಕಟ್ಟಬೇಕಾಗಿತ್ತಾ?"

"ಎರಡೂ ಒಂದೇ ಅಲ್ವಾ?"

"ಅಲ್ಲಮ್ಮ. ಮುಂದಿನ ಕಮಿಷನ್ನಲ್ಲಿ ಮುರ್ಕೊಂಡ್ರೆ ಸಾಲ ಆಗಲ್ಲ. ಕೈಯಿಂದ ವಾಪಸ್ ಕೊಡಲೇಬೇಕು ಅಂತ ಕಂಪನಿ ಹೇಳಿದ್ರೆ ಅದು ಸಾಲ. ನೀವಾಗೇ ಕಟ್ಟಿದ್ರೆ, ಬಂದಿದ್ದು ನಿಮ್ಮ ಸಂಪಾದನೆ."

"ಕಟ್ಟಬೇಕಾಗಿತ್ತು" ಎಂದಿದ್ದರೆ ಸ್ಕೂಟರ್ ಉಳಿಯುತ್ತಿತ್ತೇನೋ. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಯಾರೂ ಕೇಳ್ಲಿಲ್ಲ ಸಾರ್. ಕೆಲಸ ಬಿಟ್ಟು ಹೋದ ಏಜೆಂಟರ ಹತ್ರಾನೂ ಕಂಪನಿ ಕೇಳಿದ್ದಿಲ್ಲ. ಋಣ ಯಾಕೆ ಅಂತ ಮಿಕ್ಕಿದ್ದನ್ನೆಲ್ಲ ಹಾಕಿ ನಾನೇ ಕಟ್ಟಿದೆ."

ಅಲ್ಲಿಗೆ ತೀರ್ಮಾನವಾಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೆಟ್ಟಿಲಿಳಿಯುವಾಗ ಬೈಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ನಿಂತು ಕೇಳಿದಳು.

"ಅಲ್ವೋ, ಹಾಗಾದ್ರೆ ಇಷ್ಟು ವರ್ಷ ಅದು ನನ್ನ ದುಡ್ಡೇ ಆಗಿತ್ತಾ?"

"ಹೌದು ಚಿಕ್ಕಮ್ಮ."

ಅವಳು ಕಂಬಿ ಹಿಡಿದುಕೊಂಡಳು.

"ಮಗಳು ಕಾಲೇಜಿಗೆ ಸೇರಿಸು ಅಂತ ಅತ್ತಾಗ ದುಡ್ಡಿಲ್ಲ ಅಂದೆನಲ್ಲ, ಆಗ್ಲೂ ನಂದೇನಾ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವಳ ಕೈ ಹಿಡಿದು ಮೆಟ್ಟಿಲಿಳಿಸಿದೆ.