ಮುರಿಯದ ಕಾಲು

ಸ್ನೇಹಿತರೇ, ಬೆಳಿಗ್ಗೆ ಹೊಸದುರ್ಗದಲ್ಲಿ ಬಸ್ಸಿನಿಂದ ಇಳಿಯುವಾಗ ನನ್ನ ಪಾದ ಗುಂಡಿಯ ಅಂಚಿಗೆ ಬಿದ್ದು ಒಳಕ್ಕೆ ಹೊರಳಿತು. ಹರಡಿನ ಗಂಟು ಕಾಣದಷ್ಟು ಕಾಲು ಊದಿಕೊಂಡಿತು. ಡಾಕ್ಟರು ಎಕ್ಸ್‌ರೇ ನೋಡಿ, ಪಾದ ಒತ್ತಿ ನೋಡಿ, "ಮೂಳೆ ಮುರಿದಿಲ್ಲಮ್ಮ. ಲಿಗಮೆಂಟ್ ಅರ್ಧ ಹರಿದಿದೆ. ಸದ್ಯಕ್ಕೆ ಕಾಲು ಊರಲೇಬೇಡಿ" ಎಂದು ಬ್ಯಾಂಡೇಜ್ ಸುತ್ತಿ ಕಳಿಸಿದರು.

ಸಂಜೆ ಪಕ್ಕದ ಮನೆಯ ಗೌರಕ್ಕ ನೋಡಲು ಬಂದರು.

"ಸಿಮೆಂಟ್ ಪಟ್ಟಿ ಹಾಕಿಲ್ವೇನ್ರಿ?"

"ಇಲ್ಲ ಗೌರಕ್ಕ, ಉಳುಕೈತೆ. ಒಳಗೆ ಅರ್ಧ ಹರಿದೈತಂತೆ."

"ಉಳುಕಾ? ನಾನೆಲ್ಲೋ ಮುರ್ದೇ ಹೋಗೈತೆ ಅಂತ ಓಡಿ ಬಂದೆ."

ಅವರ ಮುಖದಲ್ಲಿ ಸ್ವಲ್ಪ ನಿರಾಸೆ ಇತ್ತು. ಆರಾಮಾಗಿ ಕುಳಿತು, "ಹಂಗಾರೆ ಒಂದೀಟು ಕಾಫಿ ಇಡ್ರಿ" ಎಂದರು.

ಗೋಡೆ ಹಿಡಿದು ಒಂಟಿಗಾಲಲ್ಲಿ ಕುಪ್ಪಳಿಸಿ ಹೋಗಿ ಕಾಫಿ ಮಾಡಿದೆ. ಕುಡಿದು, "ಓಡಾಡ್ತಿರ್ರಿ, ಸಡ್ಲಾಗ್ತೈತೆ" ಎಂದು ಹೇಳಿ ಹೋದರು.

ಇನ್ನೊಮ್ಮೆ ಬೀಳುವುದಾದರೆ ಸರಿಯಾಗಿ ಬೀಳಬೇಕು. ಅರ್ಧ ಹರಿದದ್ದಕ್ಕೆ ನಮ್ಮ ಬೀದಿಯಲ್ಲಿ ಮರ್ಯಾದೆ ಇಲ್ಲ.