ನಿಧಾನವಾಗಿ ಊಟ ಮಾಡಿ

ಆ ಮಾತನ್ನು ಕೆರೆ ದಂಡೆಯ ಕ್ಯೂಬನ್ ಹೋಟೆಲಿನಲ್ಲೇ ಹೇಳಬೇಕೆಂದು ತೀರ್ಮಾನ ಮಾಡಿದವಳು ನಾನೇ. ಸೋಮವಾರದಿಂದ ನಮ್ಮ ಯಜಮಾನರು ಫ್ಲೇಗೆಹೈಮಿಗೆ ಹೋಗಬೇಕಿತ್ತು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಆ ಮನೆಯಲ್ಲಿ, ನಾವು ಬಹಳ ಕಾದ ಮೇಲೆ, ಒಂದು ಕೋಣೆ ಖಾಲಿಯಾಗಿತ್ತು. "ಪಪ್ಪಂಗೆ ನೀನೇ ಹೇಳ್ಬೇಕು ಮಮ್ಮಾ, ಬೇರೆಯವರು ಹೇಳ್ಬಾರ್ದು" ಎಂದು ದೂರದ ಆಖೆನ್‌ನಲ್ಲಿರುವ ಮಗಳು ಫೋನಿನಲ್ಲಿ ಅಂದಳು. ಅವಳಿಗೇನು, ಅಲ್ಲಿ ಕೂತು ಹೇಳುವುದು ಸುಲಭ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಫೋನ್ ಕಟ್ ಮಾಡಿಬಿಟ್ಟೆ. ಕೋಪ ಇಳಿದ ಮೇಲೆ ಅವಳ ಮಾತು ಸರಿ ಅನ್ನಿಸಿತು. ನಲವತ್ತು ವರ್ಷ ಜೊತೆಗಿದ್ದ ಮನುಷ್ಯನನ್ನು ಹೇಳದೆ ಕೇಳದೆ ಎಲ್ಲೋ ಬಿಟ್ಟು ಬರುವುದಕ್ಕೆ ಆಗುತ್ತದೆಯೇ?

ಮನೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ನನಗೆ ಉಳಿದಿರಲಿಲ್ಲ. ನನ್ನ ಮಂಡಿ ಹೋಗಿದೆ. ಅವರೋ, ಕೊರೆಯುವ ಚಳಿಯಲ್ಲಿ ಬರೀ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವರು. ಪೊಲೀಸರು ಕರೆತಂದು ಬಿಟ್ಟದ್ದೂ ಆಯಿತು.

ಆ ಹೋಟೆಲನ್ನು ನಡೆಸುವುದು ಕ್ಯೂಬಾದಿಂದ ಬಂದ ಒಂದು ಸಂಸಾರ. ಗಂಡ ಒಲೆಯ ಮುಂದೆ, ಸೊಸೆ ಬಡಿಸುವುದಕ್ಕೆ, ಹೆಂಡತಿ ಗಲ್ಲಾದಲ್ಲೂ ಸರಿ, ಮಿಕ್ಕ ಎಲ್ಲ ಕಡೆಯೂ ಸರಿ. ಜರ್ಮನಿಯ ಈ ಹ್ಯಾನೋವರಿನಲ್ಲಿ ನಾವು ಬೇರುಬಿಟ್ಟು ಎಷ್ಟೋ ವರ್ಷದ ಮೇಲೆ ಅದು ಶುರುವಾದದ್ದು. ಮೊದಲ ದಿನ ತಟ್ಟೆಯಲ್ಲಿ ಅನ್ನ, ಗಟ್ಟಿಯಾಗಿ ಬೇಯಿಸಿದ ಕಪ್ಪು ಕಾಳು, ಕರಿದ ಬಾಳೆಹಣ್ಣು, ಮರಗೆಣಸು ಕಂಡು ನಮ್ಮವರು, "ಏನೇ ಇದು, ನಮ್ಮ ಕಡೆಯವರು ಯಾರೋ ಒಳಗೆ ಸೇರಿಕೊಂಡಿದ್ದಾರೆ" ಅಂದಿದ್ದರು. ಅಂದಿನಿಂದ ಭಾನುವಾರ ಬಿಸಿಲಿದ್ದರೆ ಅಲ್ಲೇ ಊಟ. ನಾವು ಬರುತ್ತೇವೆಂದು ಹೋಟೆಲಿನಾಕೆ ಮಾಂಸ ಹಾಕದೆ ಕಾಳನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಇಡುತ್ತಿದ್ದಳು. ಈಚೆಗೆ ಮನೆಯಲ್ಲಿ ಬೇಡ ಬೇಡವೆಂದು ತಟ್ಟೆ ತಳ್ಳುವವರು ಅಲ್ಲಿ ಮಾತ್ರ ಸದ್ದಿಲ್ಲದೆ ತಿನ್ನುತ್ತಿದ್ದರು. ಅದಕ್ಕೇ ಆ ಜಾಗ ಆರಿಸಿದ್ದೆ.

ಇಲ್ಲಿನ ಯೂನಿವರ್ಸಿಟಿಯಲ್ಲಿ ಜರ್ಮನ್ ಹುಡುಗರಿಗೆ ಜರ್ಮನ್‌ನಲ್ಲೇ ಪಾಠ ಹೇಳಿ ನಿವೃತ್ತರಾದವರು ಅವರು. ಕಾಯಿಲೆ ಮೊದಲು ಆ ಜರ್ಮನ್ನನ್ನೇ ತೆಗೆದುಕೊಂಡು ಹೋಯಿತು, ಹಿಂದೆಯೇ ಇಂಗ್ಲಿಷನ್ನು. ಈಗ ಉಳಿದಿರುವುದು ಚಿಕ್ಕಂದಿನ ಮೈಸೂರು ಕನ್ನಡ ಒಂದೇ. ಫ್ಲೇಗೆಹೈಮಿನಲ್ಲಿ ಕನ್ನಡ ಯಾರಿಗೆ ಬರುತ್ತದೆ? ನೀರು ಬೇಕೆಂದರೆ ಯಾರಿಗೆ ತಿಳಿಯುತ್ತದೆ?

ಅವತ್ತು ಹೋಟೆಲು ತುಂಬಿತ್ತು. ಯಾರದೋ ಮನೆಯವರು ಹುಟ್ಟುಹಬ್ಬಕ್ಕೆಂದು ಬಂದಿದ್ದರು. ನೀರಿನ ಪಕ್ಕದ ಜಗುಲಿಯಲ್ಲಿ ಮೇಜುಗಳನ್ನು ಸಾಲಾಗಿ ಜೋಡಿಸಿ ಉದ್ದಕ್ಕೆ ಬಿಳಿ ಕಾಗದ ಹಾಸಿದ್ದರು. ನಾವು ಪಕ್ಕದ ಸಣ್ಣ ಮೇಜಿಗೆ ಕೂತೆವು. ಊಟ ಬಂತು. ಅವರು ಕೈ ಹಾಕಲಿಲ್ಲ. ಆ ಉದ್ದದ ಸಾಲನ್ನೇ ನೋಡುತ್ತಿದ್ದರು. ಈಗ ಹೇಳಿಬಿಡೋಣವೆಂದು, "ರೀ, ಇಲ್ಲಿ ನೋಡಿ, ನಿಮಗೊಂದು ಮಾತು ಹೇಳ್ಬೇಕು" ಅಂದೆ. ಅವರು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಆ ಸಾಲಿನ ಮೊದಲ ಕುರ್ಚಿಯ ಬಳಿ ಹೋದರು. ಅಲ್ಲಿ ಕೂತಿದ್ದ ಮುದುಕನಿಗೆ ಕೈ ಮುಗಿದು ಸ್ವಲ್ಪ ಬಾಗಿ ಹೇಳಿದರು:

"ನಿಧಾನವಾಗಿ ಊಟ ಮಾಡಿ. ಸಂಕೋಚ ಬೇಡ, ಏನು ಬೇಕೋ ಕೇಳಿ ಹಾಕಿಸ್ಕೊಳ್ಳಿ."

ನನಗೆ ತಕ್ಷಣ ತಿಳಿಯಿತು. ಮದುವೆಮನೆಯಲ್ಲಿ ಎಲೆ ಹಾಕಿ ಬಡಿಸಿದ ಮೇಲೆ ಹೆಣ್ಣಿನ ತಂದೆ ಪಂಕ್ತಿಯ ಉದ್ದಕ್ಕೂ ಹೀಗೆಯೇ ಉಪಚಾರ ಹೇಳಿಕೊಂಡು ಹೋಗುವುದು. ನಮ್ಮ ಮಗಳು ತನ್ನ ಜರ್ಮನ್ ಗೆಳೆಯನನ್ನು ಮದುವೆಯಾದದ್ದು ಮದುವೆ ನೋಂದಾಯಿಸುವ ಶ್ಟಾಂಡೆಸಾಮ್ಟಿನ ಆಫೀಸಿನಲ್ಲಿ, ಸಹಿ ಹಾಕಿ, ನಿಂತಲ್ಲೇ ಕೇಕು ತಿಂದು. "ಪಂಕ್ತೀಲಿ ಓಡಾಡೋ ಯೋಗ ನನಗಿಲ್ಲ ಕಣೇ" ಎಂದು ಇವರು ಒಮ್ಮೆ ಮಾತ್ರ ನಗುತ್ತಾ ಅಂದಿದ್ದರು.

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಕರೆತರೋಣವೆಂದರೆ ಮಂಡಿ ಕೇಳಬೇಕಲ್ಲ, ಮೇಜು ಹಿಡಿದು ಏಳುವಷ್ಟರಲ್ಲಿ ಅವರು ನಾಲ್ಕನೆಯವರನ್ನು ದಾಟಿದ್ದರು. ಜನ ಮುಖ ಮುಖ ನೋಡಿಕೊಂಡರು. ಒಬ್ಬಳು ಕಿಸಕ್ಕನೆ ನಕ್ಕಳು. ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಹೋಟೆಲಿನಾಕೆ ಒಳಗಿನಿಂದ ಬಂದಳು. ಒಂದು ಕ್ಷಣ ನೋಡಿದಳು. ತಿರುಗಿ ಹೋಗಿ ಅನ್ನದ ಬೋಗುಣಿಯನ್ನೂ ದೊಡ್ಡ ಚಮಚವನ್ನೂ ತಂದು ಅವರ ಹಿಂದೆ ನಿಂತಳು. ಅವರು ಉಪಚಾರ ಹೇಳುವುದು, ಆಕೆ ಒಂದು ಚಮಚ ಬಡಿಸುವುದು. ಹೀಗೆ ಇಬ್ಬರೂ ಸಾಲಿನ ಕೊನೆಯವರೆಗೆ ಹೋದರು. ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದವರಿಗೂ, "ಇಷ್ಟೇ ಇಷ್ಟು, ನನ್ನ ಮಗಳ ಹೆಸರಲ್ಲಿ" ಎಂದು ಅವರು ಬಲವಂತ ಮಾಡಿದರು. ನಕ್ಕವಳೂ ತೆಪ್ಪಗೆ ಹಾಕಿಸಿಕೊಂಡಳು. ಎಷ್ಟೋ ತಿಂಗಳಿಂದ ನಾನು ಅವರ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ಕಂಡಿರಲಿಲ್ಲ. ಮತ್ತೆ ಕೂತು ಅತ್ತುಬಿಟ್ಟೆ.

ಕೊನೆಗೆ ನನ್ನ ಮೇಜಿಗೆ ಬಂದರು. ಕೈ ಮುಗಿದರು.

"ನಿಧಾನವಾಗಿ ಊಟ ಮಾಡಿ ತಾಯಿ. ತಾವು ಯಾರ ಕಡೆಯವರು? ಗಂಡಿನ ಕಡೆಯವರಾ?"

"ಹೆಣ್ಣಿನ ಕಡೆ" ಅಂದೆ.

"ಓ, ನಮ್ಮವರೇ!" ಎಂದು ನಕ್ಕರು. "ಹಾಗಾದ್ರೆ ಕೊನೇ ಪಂಕ್ತಿಗೆ ಕೂರಬೇಕಿತ್ತಲ್ಲ ನೀವು. ಇರಲಿ, ಇರಲಿ, ಏಳ್ಬೇಡಿ."

"ನೀವೂ ಕೂತ್ಕೊಳ್ಳಿ, ದಣಿದಿದ್ದೀರಿ."

ಕೂತರು. ಅವರ ತಟ್ಟೆಯನ್ನೇ ಅವರ ಮುಂದೆ ಸರಿಸಿದೆ. ಬೆರಳ ತುದಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ನನ್ನ ಹೆಂಡತೀದು ಇನ್ನೂ ಊಟ ಆಗಿಲ್ಲ. ಬೆಳಿಗ್ಗೆಯಿಂದ ಓಡಾಡ್ತಾನೇ ಇದ್ದಾಳೆ ಪಾಪ. ಅವಳು ಬರಲಿ, ಎಲ್ಲರದ್ದೂ ಆದ ಮೇಲೆ ನಾವಿಬ್ರೂ ಒಟ್ಟಿಗೆ ಕೂರ್ತೀವಿ."

ಸೋಮವಾರದ ಮಾತು ನನ್ನ ನಾಲಿಗೆಯ ಮೇಲೇ ಉಳಿಯಿತು. ಯಾರೋ ಗುರುತಿಲ್ಲದ ಹೆಂಗಸು ಅದನ್ನು ಅವರಿಗೆ ಹೇಗೆ ಹೇಳಬೇಕು? ಬಡಿಸಿದ್ದು ಆರಿಹೋಯಿತು. ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ, ನನ್ನ ಎದುರಿಗೇ, ನನಗಾಗಿ ಕಾಯುತ್ತಾ ಕೂತಿದ್ದರು.